ಹೊಸ್ತಿಲ ಮೇಲೆ ನಿಂತುಹೋದ ಸಿನಿಮಾ

ನಮ್ಮ ಮನೆಯಲ್ಲಿ ಮಾತಾಡಬೇಕಾದರೆ ಕರೆಂಟು ಹೋಗಬೇಕಿತ್ತು. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮನೆ ಎಂದರೆ ಮುಂದೆ ಮಗ್ಗ, ಹಿಂದೆ ಒಲೆ, ನಡುವೆ ಚಾಪೆ ಹಾಸುವಷ್ಟು ಜಾಗ. ಹಜಾರದ ತುಂಬಾ ಪವರ್‌ಲೂಮುಗಳು ಬೆಳಗಿನಿಂದ ಬಡಿದುಕೊಳ್ಳುತ್ತಿದ್ದವು. ಆ ಸದ್ದಿನಲ್ಲೇ ಹುಟ್ಟಿದವರಿಗೆ ಅದು ಸದ್ದಲ್ಲ, ಗೋಡೆಯ ಹಾಗೆ ಇರುವ ಒಂದು ವಸ್ತು. ಊಟಕ್ಕೆ ಕರೆಯಲು ಅಮ್ಮ ಬಾಗಿಲಲ್ಲಿ ನಿಂತು ಬೆರಳುಗಳನ್ನು ಬಾಯಿಗೆ ತರುತ್ತಿದ್ದಳು. ನೂಲು ಮುಗಿದರೆ ಅಪ್ಪ ಗಾಳಿಯಲ್ಲಿ ಬೆರಳು ಸುತ್ತುತ್ತಿದ್ದ. ಸೀರೆ ಕೊಳ್ಳುವ ಅಂಗಡಿಯವರು ಬಂದರೆ ಅಜ್ಜಿ ಇಲ್ಲದ ಮೀಸೆ ತೀಡುತ್ತಿದ್ದಳು. ಉಳಿದದ್ದನ್ನು ತುಟಿ ನೋಡಿ ತಿಳಿದುಕೊಳ್ಳಬೇಕು. ಕರೆಂಟು ಹೋದ ಕ್ಷಣ ಮಗ್ಗ ನಿಂತು ಮನೆ ಬಾಯಿ ಬಿಡುತ್ತಿತ್ತು. ಬೆಳಗಿನಿಂದ ನುಂಗಿಕೊಂಡಿದ್ದ ಜಗಳವೆಲ್ಲ ಒಟ್ಟಿಗೆ ಹೊರಗೆ ಬರುತ್ತಿತ್ತು: ಸಾರಿಗೆ ಉಪ್ಪು, ನೆಂಟರ ಮದುವೆಗೆ ಯಾರು ಹೋಗಬೇಕು, ಅಜ್ಜಿಯ ಮಂಚ ಯಾರು ಸರಿಸಿದರು. ಕರೆಂಟು ಬಂದರೆ ಜಗಳ ನಡುವಿನಲ್ಲೇ ಕಡಿದುಬೀಳುತ್ತಿತ್ತು. ಯಾರು ಗೆದ್ದರು ಎಂಬುದು ಎಂದೂ ತೀರ್ಮಾನವಾಗುತ್ತಿರಲಿಲ್ಲ. ನಾನು ವಾದ ಮಾಡಲು ಕಲಿತದ್ದು ಶಾಲೆಯಲ್ಲಿ ಎಂದು ಜನ ಅಂದುಕೊಂಡಿದ್ದಾರೆ. ನಾನು ಕಲಿತದ್ದು ಅಲ್ಲಿ. ಯಾರು ಯಾವ ಗಳಿಗೆಯಲ್ಲಿ ಸ್ವಿಚ್ ಹಾಕಿ ಬಾಯಿ ಮುಚ್ಚಿಸುತ್ತಾರೋ ಗೊತ್ತಿಲ್ಲ, ಅಷ್ಟರೊಳಗೆ ಹೇಳುವುದನ್ನು ಹೇಳಿಬಿಡಬೇಕು.

ಈಗ ನಾನು ಸಿನಿಮಾ, ಹಾಡು, ಪುಸ್ತಕಗಳ ಬಗ್ಗೆ ಬರೆಯುತ್ತೇನೆ. ಸಭೆಗಳಲ್ಲಿ ಯಾರಾದರೂ ಎದ್ದು ನಿಂತು, "ಮೇಡಂ, ಅದು ಬರೀ ಸಿನಿಮಾ. ಯಾಕೆ ಇಷ್ಟು ಸಿಟ್ಟು?" ಎಂದು ಕೇಳುತ್ತಾರೆ. ಸಾಮಾನ್ಯವಾಗಿ ಕೇಳುವವರು ಗಂಡಸರು, ಮತ್ತು ನಗುತ್ತಾ ಕೇಳುತ್ತಾರೆ. ಉತ್ತರವಾಗಿ ನಾನು ಯಾವ ಸಿದ್ಧಾಂತವನ್ನೂ ಹೇಳುವುದಿಲ್ಲ. ನನ್ನ ಉತ್ತರ ಸರೋಜತ್ತೆ.

ಸರೋಜತ್ತೆ ಅಪ್ಪನ ತಂಗಿ. ಸೂಲಿಬೆಲೆಯಲ್ಲಿ ಬಟ್ಟೆ ಅಂಗಡಿ ಇಟ್ಟವರ ಮನೆಗೆ ಕೊಟ್ಟಿದ್ದರು. ನಾನು ಹೈಸ್ಕೂಲಿಗೆ ಸೇರಿದ ವರ್ಷ, ಗೌರಿ ಹಬ್ಬಕ್ಕೆ ಇನ್ನೂ ದಿನವಿದ್ದಾಗ, ಒಂದು ವೈರಿನ ಬುಟ್ಟಿ ಹಿಡಿದುಕೊಂಡು ಒಬ್ಬಳೇ ಬಸ್ಸಿಳಿದು ಬಂದಳು. ಮಗ್ಗ ಓಡುತ್ತಿತ್ತು. ಅಪ್ಪ ಹುಬ್ಬೆತ್ತಿದ. ಅವಳು ತಲೆ ಆಡಿಸಿದಳು. ಆಮೇಲೆ ಕರೆಂಟು ಹೋದಾಗಲೂ ಯಾರೂ ಏನೂ ಕೇಳಲಿಲ್ಲ. ಬೀದಿಯವರು ಮಾತ್ರ ಕೇಳುತ್ತಲೇ ಇದ್ದರು, ಅಜ್ಜಿ ಉತ್ತರ ಸಿದ್ಧವಿಟ್ಟುಕೊಂಡಿದ್ದಳು.

"ಗೌರಿ ಹಬ್ಬ ಮುಗಿಸ್ಕೊಂಡು ಹೋಗ್ತಾಳೆ."

ಗೌರಿ ಹಬ್ಬ ಮುಗಿಯಿತು. "ದಸರಾ ನೋಡ್ಕೊಂಡು ಹೋಗ್ತಾಳೆ." ದಸರಾ ಮುಗಿಯಿತು. "ಇನ್ನೇನು ದೀಪಾವಳಿ ಬಂದೇ ಬಿಡ್ತಲ್ಲ." ಹೀಗೆ ನಮ್ಮ ಮನೆಯಲ್ಲಿ ಒಬ್ಬ ಹೆಂಗಸು ಹಬ್ಬದಿಂದ ಹಬ್ಬಕ್ಕೆ ಬದುಕಿದಳು. ಅಮ್ಮನಿಗೆ ಅವಳ ಮೇಲೆ ಕೋಪವೂ ಇರಲಿಲ್ಲ, ಪ್ರೀತಿಯೂ ಇರಲಿಲ್ಲ. ಚಾಪೆ ಹಾಸುವ ಜಾಗ ಕಡಿಮೆಯಾಗಿತ್ತು ಅಷ್ಟೆ. ಆದರೆ ಅತ್ತೆಗೆ ಒಂದು ಕೆಲಸ ಬರುತ್ತಿತ್ತು, ಅದು ಅಪ್ಪನಿಗೆ ಬರುತ್ತಿರಲಿಲ್ಲ. ತಾತ ಬದುಕಿದ್ದಾಗ ಅವಳಿಗೆ ಚೌಕುಳಿ ಹಾಳೆಯ ಮೇಲೆ ಅಂಚಿನ ಡಿಸೈನು ಬರೆಯುವುದನ್ನು ಕಲಿಸಿದ್ದ. ಹಾಳೆಯ ಒಂದೊಂದು ಚೌಕಕ್ಕೂ ರಟ್ಟಿನ ಕಾರ್ಡಿನಲ್ಲಿ ಒಂದೊಂದು ತೂತು ಬೀಳುತ್ತದೆ, ಆ ಕಾರ್ಡುಗಳ ಮಾಲೆ ಮಗ್ಗದ ನೆತ್ತಿಯ ಮೇಲೆ ತಿರುಗುತ್ತಾ ಕೆಳಗೆ ಸೀರೆಯಲ್ಲಿ ಹಂಸವೋ ಮಾವಿನಕಾಯಿಯೋ ಮೂಡುತ್ತದೆ. ಗಂಡನ ಮನೆಯಲ್ಲಿ ಸಿದ್ಧ ಬಟ್ಟೆ ಅಳೆದುಕೊಡುವುದಷ್ಟೇ ಕೆಲಸ. ಇಲ್ಲಿಗೆ ಬಂದ ಮೇಲೆ ಅವಳು ಮತ್ತೆ ಪೆನ್ಸಿಲ್ ಹಿಡಿದಳು.

ಆಗ ಆ ಸಿನಿಮಾ ಬಂತು. ಅದರ ಹೆಸರು ಹೇಳುವುದಿಲ್ಲ. ಅದನ್ನು ತೆಗೆದವರ ಕೂಡ ನನಗಿರುವ ಜಗಳಕ್ಕಿಂತ ಅದನ್ನು ನೋಡಿದವರ ಕೂಡ ಇರುವ ಜಗಳ ದೊಡ್ಡದು. ಬೆಂಗಳೂರಿನಲ್ಲಿ ಓಡಿ ಮುಗಿಸಿ ನಮ್ಮೂರ ಟಾಕೀಸಿಗೆ ಬಂದಿತ್ತು. ಹಳ್ಳಿಗಳಿಂದ ಟ್ರ್ಯಾಕ್ಟರುಗಳಲ್ಲಿ ಹೆಂಗಸರು ಬಂದು ಇಳಿಯುತ್ತಿದ್ದರು. ನಾಯಕಿ ನಡುನಡುವೆಯೂ ಕೊನೆಯ ದೃಶ್ಯದಲ್ಲೂ ಉಟ್ಟಿದ್ದ ಹಂಸದ ಅಂಚಿನ ಸೀರೆ ಚಿಕ್ಕಪೇಟೆಯಲ್ಲಿ ಎಲ್ಲರಿಗೂ ಬೇಕಾಗಿತ್ತು. ಅಂಗಡಿಯವರು ಬಂದು ಅಪ್ಪನಿಗೆ ಹೇಳಿದರು, ಆ ಸಿನಿಮಾ ಸೀರೆ ನೇಯ್ದುಕೊಟ್ಟರೆ ಎಷ್ಟಾದರೂ ತೆಗೆದುಕೊಳ್ಳುತ್ತೇವೆ ಎಂದು. ನಮಗೆ ಮಾದರಿ ಕೊಡುವವರು ಯಾರು? ಪರದೆಯ ಮೇಲೆ ಓಡುವ ಸೀರೆಯೇ ಮಾದರಿ. ಅಪ್ಪ ಅತ್ತೆಯನ್ನು ಮ್ಯಾಟಿನಿಗೆ ಕಳಿಸಿದ. ಒಂಟಿ ಹೆಂಗಸು ಟಾಕೀಸಿಗೆ ಹೋಗಬಾರದೆಂದು ಶನಿವಾರ ಭಾನುವಾರಗಳಲ್ಲಿ ನನ್ನನ್ನು ಜೊತೆಗೆ ಕಟ್ಟಿದ. ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ.

"ಸರೋಜ, ಕತೆ ನೋಡ್ತಾ ಕೂತ್ಕೋಬೇಡ. ಅಂಚು ನೋಡು."

ನಾವು ಅಂಚು ನೋಡಿದೆವು. ಊರಿಗೆ ಊರೇ ಮೂಗು ಸುರಿಸುವಾಗ ಅತ್ತೆ ಹಂಸದ ಕೊಕ್ಕು ಎತ್ತ ತಿರುಗಿದೆ ಎಂದು ಮುಂದಕ್ಕೆ ಬಾಗುತ್ತಿದ್ದಳು. ನಾಯಕಿ ಗೋಡೆಗೆ ಒರಗಿ ಕುಸಿದರೆ, "ಥೂ, ಸೆರಗು ಮಡಚ್ಕೊಂಡು ಬಿಟ್ಲು ನೋಡು" ಎಂದು ಬೈಯುತ್ತಿದ್ದಳು. ಪಕ್ಕದ ಬೆಂಚಿನವಳೊಬ್ಬಳು ಕಣ್ಣೊರೆಸಿಕೊಂಡು, "ಏನಮ್ಮಾ ನಿಂಗೆ ಕರುಳಿಲ್ವಾ?" ಅಂದಳು. ಅತ್ತೆ ಪರದೆಯಿಂದ ಕಣ್ಣು ತೆಗೆಯದೆ, "ಇದೆ ಕಣಮ್ಮ, ಹಂಸದ ಬಾಲ ಸಿಕ್ತಾ ಇಲ್ಲ" ಅಂದಳು. ಮನೆಗೆ ಬಂದು ಬರೆಯುವುದು, ಅನುಮಾನ ಬಂದರೆ ಮತ್ತೆ ಹೋಗುವುದು. ಹೀಗೆ ಒಂದೇ ಸಿನಿಮಾವನ್ನು ಮತ್ತೆ ಮತ್ತೆ ನೋಡಿದ ಮೇಲೆ ನನಗೆ ಒಂದು ವಿಚಿತ್ರ ಗೊತ್ತಾಯಿತು. ನಾಯಕಿಯ ಕಣ್ಣಲ್ಲಿ ನೀರು ಬರುವ ಮೊದಲೇ ಪಿಟೀಲು ಶುರುವಾಗುತ್ತಿತ್ತು. ಪಿಟೀಲು ಶುರುವಾದ ಕೂಡಲೇ ಹೆಂಗಸರು ಸೆರಗಿಗೆ ಕೈ ಹಾಕುತ್ತಿದ್ದರು. ಅಂದರೆ ಇವರು ಅಳುತ್ತಿದ್ದದ್ದು ಅವಳ ಕಷ್ಟಕ್ಕಲ್ಲ, ಅಳಿ ಎಂದು ಪಿಟೀಲು ಹೇಳಿದ್ದಕ್ಕೆ. ಎಲ್ಲಿ ಅಳಬೇಕು, ಎಲ್ಲಿ ಶಿಳ್ಳೆ ಹೊಡೆಯಬೇಕು ಎಂದು ಮೊದಲೇ ತೂತು ಕೊರೆದ ಕಾರ್ಡುಗಳು ನಮ್ಮ ನೆತ್ತಿಯ ಮೇಲೆ ತಿರುಗುತ್ತಿದ್ದವು. ಆವತ್ತಿನ ಆ ಸಿಟ್ಟು ಚಿಕ್ಕದು, ಮೋಸ ಹೋದವಳ ಸಿಟ್ಟು. ದೊಡ್ಡದು ಮುಂದಿನ ವಾರ ಬಂತು.

ಅತ್ತೆ ಯಾವಾಗಲೂ ನನ್ನನ್ನು ತನ್ನ ಬಲಗಡೆ ಕೂರಿಸಿಕೊಳ್ಳುತ್ತಿದ್ದಳು. ಪಾತ್ರಗಳು ಮುಖ ತಿರುಗಿಸಿಕೊಂಡು ಮಾತಾಡಿದರೆ "ಏನಂದ?" ಎಂದು ನನ್ನನ್ನು ಕೇಳುತ್ತಿದ್ದಳು. ಆ ಗಲಾಟೆಯಲ್ಲಿ ಅದು ವಿಶೇಷ ಅನ್ನಿಸಿರಲಿಲ್ಲ. ಅವತ್ತು ಬೆಂಚು ತುಂಬಿತ್ತು. ನಾನು ಅವಳ ಎಡಕ್ಕೆ ಕೂತೆ. ಮೊದಲರ್ಧದಲ್ಲಿ ಆ ಸೀರೆಯ ಸೆರಗು ಒಂದು ಗಳಿಗೆ ಕಾಣುವ ಜಾಗ ಬರುತ್ತಿದ್ದಂತೆ, "ಅತ್ತೆ, ಬಂತು ನೋಡು" ಅಂದೆ. ಅವಳು ಚೀಲದಲ್ಲಿ ಪೆನ್ಸಿಲ್ ಹುಡುಕುತ್ತಲೇ ಇದ್ದಳು. ಇನ್ನೂ ಜೋರಾಗಿ ಹೇಳಿದೆ. ಸೆರಗು ಬಂದು ಹೋಯಿತು. ಇಂಟರ್ವೆಲ್ಲಿನಲ್ಲಿ ಹೊರಗೆ ಬಂದು ರೇಗಿದೆ.

"ಕಿವಿ ಹತ್ರ ಕಿರುಚಿದ್ರೂ ಕೇಳಿಸಲ್ವಾ ನಿಂಗೆ?"

ಅತ್ತೆ ಕಡಲೆಕಾಯಿ ಬಿಡಿಸುತ್ತಿದ್ದಳು. ಒಂದು ಬೀಜ ನನ್ನ ಕೈಗೆ ಹಾಕಿ ಹೇಳಿದಳು.

"ಈ ಕಡೆ ಕೂತ್ಕೋಬೇಡ ಪುಟ್ಟಿ. ಈ ಕಡೆ ಇಲ್ಲ."

"ಏನಿಲ್ಲ?"

"ಕಿವಿ."

ಅಂಗಡಿಯಲ್ಲಿ ಗಿರಾಕಿಗಳ ಮುಂದೆ ಗಂಡನ ಲೆಕ್ಕ ತಪ್ಪು ಎಂದಿದ್ದಳಂತೆ. ಗಿರಾಕಿಗಳು ಹೋಗುವವರೆಗೆ ಅವನು ಸುಮ್ಮನಿದ್ದನಂತೆ. ಆಮೇಲೆ ಬಿದ್ದ ಏಟಿಗೆ ಎಡಕಿವಿ ಗುಂಯ್ ಎನ್ನತೊಡಗಿತಂತೆ, ಒಂದು ದಿನ ಆ ಗುಂಯ್ ಕೂಡ ನಿಂತುಹೋಯಿತಂತೆ. ಮಗ್ಗದ ಮನೆಗೆ ಬಂದು ತಿಂಗಳುಗಳಾದರೂ ನಮಗ್ಯಾರಿಗೂ ಇದು ಗೊತ್ತಾಗಿರಲಿಲ್ಲ, ಏಕೆಂದರೆ ನಮ್ಮ ಮನೆಯಲ್ಲಿ ಕಿವಿ ಇದ್ದವರೂ ತುಟಿಯನ್ನೇ ನೋಡುತ್ತಿದ್ದರು. ಅವಳು ಅಡಗಿಕೊಳ್ಳಲು ಇಡೀ ತಾಲ್ಲೂಕಿನಲ್ಲೇ ಇದಕ್ಕಿಂತ ಒಳ್ಳೆಯ ಜಾಗವಿರಲಿಲ್ಲ.

"ಅಪ್ಪಂಗೆ ಹೇಳ್ತೀನಿ."

"ಹೇಳ್ಬೇಡ. ಕಿವುಡಿ ಅಂತ ಹೆಸರು ಬಿದ್ರೆ ಅಲ್ಲೂ ಇಲ್ಲ, ಇಲ್ಲೂ ಇಲ್ಲ. ನನ್ನ ಮೇಲೆ ಆಣೆ."

ಬೆಲ್ಲು ಹೊಡೆಯಿತು. ಒಳಗೆ ಹೋಗಿ ಅವಳ ಬಲಕ್ಕೆ ಕೂತೆ. ಇಂಟರ್ವೆಲ್ಲಿನ ನಂತರ ಆ ಸಿನಿಮಾದಲ್ಲೂ ಒಂದು ಏಟು ಇದೆ. ಅದುವರೆಗೆ ನೋಡಿದ್ದೆ, ಅವತ್ತು ಕಂಡಿತು. ನಾಯಕ ಕೈ ಎತ್ತುತ್ತಾನೆ. ಕೈ ಕೆನ್ನೆಗೆ ತಾಗುವುದನ್ನು ತೋರಿಸುವುದಿಲ್ಲ. ದೇವರ ಮುಂದಿನ ದೀಪ ಆರುತ್ತದೆ. ಪಿಟೀಲು. ಮುಂದಿನ ಗಳಿಗೆ ಅವಳ ಮುಖ: ಕುಂಕುಮ ಕದಡಿಲ್ಲ, ಹೂವು ಜಾರಿಲ್ಲ, ಒಂದೇ ಒಂದು ಹನಿ ನೀರು. ಆಮೇಲೆ ಅವಳು ಗೋಡೆಯ ಮೇಲಿನ ವೀಣೆ ಇಳಿಸಿ ಹಾಡುತ್ತಾಳೆ, ನೀನು ಬೇಸಗೆಯಾದರೆ ನಾನು ನೆರಳು ಎಂಬ ಅರ್ಥದ ಹಾಡು. ಏಟಿನ ಸದ್ದೇ ಇಲ್ಲದ ಏಟು. ಏಟು ತಿಂದವಳಿಗೆ ತಕ್ಷಣ ಶ್ರುತಿ ಸಿಗುತ್ತದೆ. ನನ್ನ ಪಕ್ಕದಲ್ಲಿ ಕೂತಿದ್ದವಳಿಗೆ ಆ ಹಾಡು ಅರ್ಧ ಮಾತ್ರ ಕೇಳಿಸುತ್ತಿತ್ತು. ಆ ಹಾಡು ಕೆಟ್ಟದಾಗಿದ್ದಿದ್ದರೆ ನಾನು ಇಷ್ಟು ವರ್ಷ ಸಿಟ್ಟು ಹೊತ್ತುಕೊಂಡು ತಿರುಗುತ್ತಿರಲಿಲ್ಲ. ಅದು ಚೆನ್ನಾಗಿತ್ತು. ಅಮ್ಮ ಅಕ್ಕಿ ತೊಳೆಯುವಾಗ ಅದನ್ನೇ ಗುನುಗುತ್ತಿದ್ದಳು. ಭಜನೆ ಮಂದಿರದಲ್ಲಿ ಅದರ ಧಾಟಿಗೆ ದೇವರನಾಮ ಕೂರಿಸಿದ್ದರು. ಒಳ್ಳೆಯ ರಾಗ ಮಾಡುವ ಅನ್ಯಾಯವನ್ನು ಕೆಟ್ಟ ರಾಗ ಮಾಡಲಾರದು. ಜನರ ಬಾಯಲ್ಲಿ ಉಳಿಯುವುದು ರಾಗ, ಅದರ ಬೆನ್ನಿಗೆ ಕೂತು ಮಾತೂ ಒಳಗೆ ಬರುತ್ತದೆ. ಸಂಗೀತಕ್ಕೆ ಯಾವ ಪಕ್ಷವೂ ಇಲ್ಲ ಎನ್ನುವ ಪಂಡಿತರನ್ನು ನಾನು ಆ ಬೆಂಚಿನ ಮೇಲೆ ಕೂರಿಸಬೇಕು, ಅವಳ ಎಡಗಡೆ.

ಸೀರೆ ಗೆದ್ದಿತು. ನಮ್ಮ ಮಗ್ಗಗಳಲ್ಲಿ, ಎದುರು ಮನೆಯ ಮಗ್ಗಗಳಲ್ಲಿ, ಇಡೀ ಬೀದಿಯಲ್ಲಿ ಹಂಸಗಳು ಸಾಲುಗಟ್ಟಿದವು. ದೀಪಾವಳಿಗೆ ಅಪ್ಪ ತಂಗಿಗೂ ಒಂದು ಸೀರೆ ಕೊಟ್ಟ. ಆಮೇಲೆ ಅಜ್ಜಿಯ ಹತ್ತಿರ ಹೇಳಿಕೊಳ್ಳಲು ಹಬ್ಬ ಉಳಿಯಲಿಲ್ಲ. ಒಂದು ಗುರುವಾರ ಬೆಳಿಗ್ಗೆ ಅತ್ತೆಯ ಗಂಡನ ಅಣ್ಣ ಸೂಲಿಬೆಲೆಯಿಂದ ಬಂದ. ಜೊತೆಯಲ್ಲಿ ನಮ್ಮ ಬೀದಿಯ ಯಜಮಾನರು ಗಂಗಾಧರಪ್ಪ ಬಂದರು. ಬೀದಿಯ ಮದುವೆ, ಮುನಿಸು, ಪಾಲು ಎಲ್ಲವೂ ಅವರ ಬಾಯಲ್ಲೇ ತೀರ್ಮಾನವಾಗುತ್ತಿದ್ದವು. ಸಿನಿಮಾ ಎಂದರೆ ಪ್ರಾಣ, ಭಜನೆ ಮಂದಿರದಲ್ಲಿ ಆ ಧಾಟಿ ತಂದವರು ಅವರೇ. ಅಪ್ಪ ಮೇನ್ ಸ್ವಿಚ್ ತೆಗೆದ. ಕರೆಂಟು ಇರುವಾಗಲೇ ಮಗ್ಗ ನಿಲ್ಲಿಸಿದ್ದು ತಾತ ಸತ್ತ ದಿನ ಬಿಟ್ಟರೆ ಅವತ್ತೇ.

"ಹೆಣ್ಮಗು ಎಷ್ಟು ದಿನ ಅಂತ ಇಲ್ಲಿರುತ್ತೆ?" ಎಂದು ಗಂಗಾಧರಪ್ಪನವರು ಶುರುಮಾಡಿದರು. "ಗಂಡ ಅಂದ್ಮೇಲೆ ಒಂದು ಮಾತು ಬರುತ್ತೆ, ಹೋಗುತ್ತೆ."

"ಒಂದೇಟು ಕೈ ತಪ್ಪಿ ಬಿದ್ದಿರಬಹುದು," ಎಂದ ಗಂಡನ ಅಣ್ಣ, ಅತ್ತೆಗೆ ಭಾವ. "ಅಷ್ಟಕ್ಕೆ ಮನೆ ಬಿಟ್ಟು ಬರ್ತಾರಾ?"

ನಾನು ಅತ್ತೆಯ ಕಡೆ ನೋಡಿದೆ. ಅವಳು ಮಗ್ಗದ ಮರೆಯಿಂದ ಇಷ್ಟೇ ಇಷ್ಟು ತಲೆ ಅಲ್ಲಾಡಿಸಿದಳು. ಬೇಡ. ನನ್ನ ಕೈಯಲ್ಲಿದ್ದ ಒಂದೇ ಸಾಕ್ಷಿಯ ಬಾಯಿ ಅವಳೇ ಕಟ್ಟಿಬಿಟ್ಟಿದ್ದಳು. ಗಂಗಾಧರಪ್ಪನವರು ಎಲೆಗೆ ಸುಣ್ಣ ಸವರುತ್ತಾ ತೀರ್ಪಿನ ದನಿ ತೆಗೆದರು.

"ಸರೋಜಮ್ಮ, ಆ ಸಿನಿಮಾ ನಿಂಗಿಂತ ಚೆನ್ನಾಗಿ ಯಾರು ನೋಡಿದಾರಮ್ಮ? ಆ ತಾಯಿ ಎಷ್ಟು ಸಹಿಸ್ಕೊಂಡ್ಲು. ಕೊನೆಗೆ ಗಂಡನ ಮನೆಗೆ ಹೋದ್ಲೋ ಇಲ್ವೋ? ಅದಕ್ಕೇ ಜನ ಕೈ ಮುಗಿದಿದ್ದು."

"ಹೋಗ್ಲಿಲ್ಲ," ಅಂದೆ ನಾನು.

ಎಲ್ಲರೂ ತಿರುಗಿದರು. ಆ ವರ್ಷ ನಮ್ಮ ಶಾಲೆಯ ಚರ್ಚಾಸ್ಪರ್ಧೆಯ ವಿಷಯ, ಸಿನಿಮಾದಿಂದ ಸಮಾಜಕ್ಕೆ ಹಾನಿ. ಪರವೋ ವಿರೋಧವೋ ಚೀಟಿ ಎತ್ತಿ ಹೇಳುತ್ತಿದ್ದರು, ನಾನು ಎರಡೂ ಕಡೆ ಮಾತಾಡಿ ಎರಡು ಸಲವೂ ಗೆದ್ದಿದ್ದೆ. ನಮ್ಮ ಕನ್ನಡ ಮೇಷ್ಟ್ರು ಹೇಳಿಕೊಟ್ಟಿದ್ದು ಒಂದೇ ಪಾಠ: ಎದುರಿನವನು ಹೇಳಿದ್ದು ನಿಜವೋ ಅಂತ ಮೊದಲು ಹೋಗಿ ನೋಡು, ಆಮೇಲೆ ಬಾಯಿ ತೆಗಿ. ನಾನು ಹೋಗಿ ನೋಡಿದ್ದೆ, ಬೇಡವೆನಿಸುವಷ್ಟು. ಆ ಸಿನಿಮಾದ ಕೊನೆಯಲ್ಲಿ ನಾಯಕಿ ತವರುಮನೆಯಲ್ಲಿದ್ದಾಳೆ. ಗಂಡ ಬರುತ್ತಾನೆ, ಅಂಗಳದಲ್ಲಿ ನಿಲ್ಲುತ್ತಾನೆ. ಅವಳು ಒಳಗಿಂದ ಬಂದು ಹೊಸ್ತಿಲ ಮೇಲೆ ನಿಂತು ಅವನನ್ನು ನೋಡುತ್ತಾಳೆ. ಸೆರಗು ಗಾಳಿಗೆ ಹರಡಿಕೊಳ್ಳುತ್ತದೆ, ನಾವು ಹಂಸ ಹಿಡಿದದ್ದು ಅಲ್ಲೇ. ಚಿತ್ರ ಅಲ್ಲಾಡದೆ ನಿಲ್ಲುತ್ತದೆ. ಶುಭಂ. ಅಷ್ಟೇ. ಅವಳು ಎಲ್ಲಿಗೂ ಹೋಗುವುದಿಲ್ಲ.

"ಹೋದ್ಲು ಕಣಮ್ಮ. ನಾನೇನು ಕುರುಡನಾ?" ಎಂದರು ಗಂಗಾಧರಪ್ಪ.

"ಎತ್ತಿನ ಗಾಡೀಲಿ ಕೂತ್ಕೊಂಡು ಹೋಗಲ್ವೇನೆ?" ಅಂದಳು ಅಮ್ಮ, ಅನುಮಾನದಲ್ಲೇ.

"ಗಾಡಿ ಎಲ್ಲಿತ್ತೇ? ನಡ್ಕೊಂಡು ಹೋಗ್ತಾಳೆ. ಅಲ್ಲಿ ಅವಳತ್ತೆ ಆರತಿ ಎತ್ತಿ ಒಳಗೆ ಕರ್ಕೊಳಲ್ವಾ?" ಎಂದಳು ಅಜ್ಜಿ.

ಅಪ್ಪ ಗಂಟಲು ಸರಿಮಾಡಿಕೊಂಡ. "ಮಗೂನ ಗಂಡ ಎತ್ಕೊಂಡಿರ್ತಾನೆ. ಅದಂತೂ ನಂಗೆ ಚೆನ್ನಾಗಿ ಜ್ಞಾಪಕ ಇದೆ."

ಆ ಸಿನಿಮಾದಲ್ಲಿ ಗಾಡಿ ಇಲ್ಲ, ಆರತಿ ಇಲ್ಲ, ಮಗುವೂ ಇಲ್ಲ. ಒಂದೇ ಹಜಾರದಲ್ಲಿ ಕೂತ ಮೂವರು, ನಡೆಯದ ಒಂದು ಘಟನೆಯನ್ನು ಮೂರು ಥರ ಕಣ್ಣಾರೆ ಕಂಡಿದ್ದರು. ಸುಳ್ಳು ಹೇಳುತ್ತಿರಲಿಲ್ಲ, ಅದು ಇನ್ನೂ ಭಯಂಕರ. ಹೆಣ್ಣು ವಾಪಸ್ ಹೋಗಲೇಬೇಕು ಎಂಬುದು ಅವರೊಳಗೆ ಎಷ್ಟು ಗಟ್ಟಿಯಾಗಿ ಕೂತಿತ್ತೆಂದರೆ, ಸಿನಿಮಾ ತೆಗೆದವನಿಗೇ ಕೊನೆಯ ಗಳಿಗೆಯಲ್ಲಿ ಕಳಿಸುವ ಧೈರ್ಯ ಬರದಿದ್ದರೂ ಇವರು ಕಳಿಸಿಬಿಟ್ಟಿದ್ದರು. ಸಂಜೆಯ ಆಟ ಇದೆ, ನಾಳೆ ಶುಕ್ರವಾರ ಪಿಕ್ಚರ್ ಬದಲಾಗುತ್ತೆ, ಇವತ್ತೇ ಬಂದು ನೋಡಿ ಎಂದೆ. ಬಾಯಿ ಮುಚ್ಚು ಎಂದ ಅಪ್ಪ. ಆದರೆ ಗಂಗಾಧರಪ್ಪನವರಿಗೆ ತಮ್ಮ ಸಿನಿಮಾ ಜ್ಞಾನವನ್ನು ಒಂದು ಹುಡುಗಿ ಅಲ್ಲಗಳೆದದ್ದು ತಡೆಯಲಾಗಲಿಲ್ಲ.

"ನಡೀರಿ. ಈ ಲಾಯರಮ್ಮನಿಗೆ ತೋರಿಸ್ಕೊಂಡೇ ಬರೋಣ."

ಹೀಗೆ ನಮ್ಮ ಮನೆಯ ಪಂಚಾಯ್ತಿ ಟಾಕೀಸಿಗೆ ಹೋಯಿತು. ಗಂಗಾಧರಪ್ಪ, ಆ ಭಾವ, ಅಪ್ಪ, ಅಜ್ಜಿ, ನಾನು. ಅತ್ತೆ ಬರಲಿಲ್ಲ. "ನಂಗೆ ಅಂಚು ಸಿಕ್ಕಾಯ್ತು" ಅಂದಳು. ಅಜ್ಜಿ ದಾರಿಯುದ್ದಕ್ಕೂ ಚಪ್ಪಲಿ ಕಚ್ಚುತ್ತೆ ಎಂದು ಬೈದುಕೊಂಡು ಬಂದು, ಒಳಗೆ ಕೂತ ಮೇಲೆ ಪಿಟೀಲು ಕೇಳಿದಾಗಲೆಲ್ಲ ತಪ್ಪದೆ ಅತ್ತಳು. ನಾನು ಪರದೆ ನೋಡಲಿಲ್ಲ. ಕೊನೆಯ ದೃಶ್ಯದಲ್ಲಿ ಹಿಂದಕ್ಕೆ ತಿರುಗಿ ಗಂಡಸರ ಬೆಂಚಿನಲ್ಲಿದ್ದ ಅವರ ಮುಖಗಳನ್ನೇ ನೋಡುತ್ತಾ ಕೂತಿದ್ದೆ. ಹೊಸ್ತಿಲು, ಗಾಳಿ, ಹಂಸ, ಶುಭಂ. ದೀಪ ಹತ್ತಿತು. ಅಪ್ಪನ ಮುಖದಲ್ಲಿ ಏನೋ ಕಳೆದುಹೋದವನ ಗಲಿಬಿಲಿ ಇತ್ತು, ಅವನು ಮಗುವನ್ನು ಹುಡುಕುತ್ತಿದ್ದ. ಹೊರಗೆ ಸೋಡಾ ಅಂಗಡಿಯ ಹತ್ತಿರ ನಿಂತು ಕೇಳಿದೆ.

"ಹೋದ್ಲಾ?"

ಗಂಗಾಧರಪ್ಪನವರು ಪಂಚೆ ಕೊಡವಿಕೊಂಡರು. ಒಂದು ಗಳಿಗೆ, ಒಂದೇ ಒಂದು ಗಳಿಗೆ, ನಾನು ಗೆದ್ದೆ ಅಂದುಕೊಂಡೆ.

"ಹೊಸಲಿಗೆ ಬಂದ್ಲಲ್ಲಮ್ಮ. ಹೊಸಲಿಗೆ ಬಂದ್ಲು ಅಂದ್ರೆ ಹೋದ್ಲು ಅಂತ್ಲೇ. ಎಲ್ಲಾ ಬಿಡಿಸಿ ತೋರಿಸ್ಬೇಕಾ? ಅದು ಕಲೆ ಕಣಮ್ಮ, ಅರ್ಥ ಮಾಡ್ಕೋಬೇಕು."

ಭಾವ ನಕ್ಕ. ಅಪ್ಪ ಸಮಾಧಾನದ ಉಸಿರು ಬಿಟ್ಟ. ಭಾನುವಾರ ಕಳಿಸುವುದು ಎಂದು ಸೋಡಾ ಕುಡಿಯುತ್ತಲೇ ನಿಶ್ಚಯವಾಯಿತು. ಆಮೇಲೆ ನಾನು ಓದಿದ ಯಾವ ದಪ್ಪ ಪುಸ್ತಕವೂ ಆ ಸೋಡಾ ಅಂಗಡಿ ಕಲಿಸಿದ್ದಕ್ಕಿಂತ ಹೆಚ್ಚು ಕಲಿಸಿಲ್ಲ. ಚರ್ಚಾಸ್ಪರ್ಧೆಯಲ್ಲಿ ಸಾಕ್ಷಿ ತೋರಿಸಿದವರು ಗೆಲ್ಲುತ್ತಾರೆ. ಬೀದಿಯಲ್ಲಿ, ಸಾಕ್ಷಿಗೆ ಅರ್ಥ ಹೇಳುವ ಹಕ್ಕು ಯಾರಿಗಿದೆಯೋ ಅವರು ಗೆಲ್ಲುತ್ತಾರೆ. ಕಲೆ ಖಾಲಿ ಬಿಟ್ಟ ಜಾಗವನ್ನು ನೋಡುವವರು ತುಂಬಿಕೊಳ್ಳುತ್ತಾರೆ ಎಂದು ಈಗ ಸಭೆಗಳಲ್ಲಿ ಬಹಳ ನಾಜೂಕಾಗಿ ಹೇಳುತ್ತಾರೆ. ಯಾವ ನೋಡುವವರು? ನೋಡುವವರಲ್ಲೂ ಯಜಮಾನರಿದ್ದಾರೆ. ಖಾಲಿ ಜಾಗ ಬಿಟ್ಟು ಕೈ ತೊಳೆದುಕೊಂಡ ನಿರ್ದೇಶಕ ಅದನ್ನು ಸೂಕ್ಷ್ಮ ಅಂದುಕೊಂಡಿದ್ದಾನು. ನಮ್ಮ ಬೀದಿಯಲ್ಲಿ ಆ ಖಾಲಿ ಜಾಗಕ್ಕೆ ಒಂದು ಟ್ಯಾಕ್ಸಿ ಬಂದು ನಿಂತಿತು.

ಭಾನುವಾರ ಅಜ್ಜಿ ಅತ್ತೆಗೆ ಹಂಸದ ಸೀರೆ ಉಡಿಸಿದಳು. ಅತ್ತೆಯೇ ಪರದೆಯಿಂದ ಕಿತ್ತು ತಂದ ಅಂಚು ಅವಳ ಪಾದದ ಸುತ್ತ ಬಂತು. ಮಡಿಲಿಗೆ ಅಕ್ಕಿ, ಬೆಲ್ಲ, ತೆಂಗಿನಕಾಯಿ ಹಾಕಿದರು. ಅಮ್ಮ ಹೂ ಮುಡಿಸಿದಳು, ಗುನುಗಲಿಲ್ಲ. ಟ್ಯಾಕ್ಸಿಯಿಂದ ಭಾವ ಒಬ್ಬನೇ ಇಳಿದು ಅಂಗಳಕ್ಕೆ ಬಂದ. ಗಂಗಾಧರಪ್ಪನವರು ಜಗುಲಿಯ ಮೇಲೆ ಕೂತಿದ್ದರು, ಎದುರು ಮನೆಯವರು ಬಾಗಿಲಲ್ಲಿ ನಿಂತಿದ್ದರು. ಅತ್ತೆ ಒಳಗಿಂದ ಬಂದಳು. ಹೊಸ್ತಿಲ ಮೇಲೆ ನಿಂತಳು. ಬೀದಿಯ ಅತ್ತ ಇತ್ತ ಕಣ್ಣಾಡಿಸಿದಳು.

"ಅವರೆಲ್ಲಿ ಭಾವ?"

"ಅಂಗಡಿ ಬಿಟ್ಟು ಬರೋಕಾಗುತ್ತೇನಮ್ಮ? ನಾನು ಬಂದಿಲ್ವಾ?"

"ಸಿನಿಮಾದಲ್ಲಿ ಅವನೇ ಬಂದಿದ್ದ."

ಅತ್ತೆ ಗಂಗಾಧರಪ್ಪನವರ ಕಡೆ ಬಲಗಿವಿ ತಿರುಗಿಸಿ ನಿಂತಳು.

"ಯಜಮಾನ್ರೆ, ಸಿನಿಮಾ ಥರ ಹೋಗು ಅಂದೋರು ನೀವು. ಆಗ್ಲಿ, ಸಿನಿಮಾ ಥರಾನೇ ಆಗ್ಲಿ. ಗುರುವಾರ ನೋಡ್ಕೊಂಡು ಬಂದ್ರಲ್ಲ. ಗಂಡ ತಾನೇ ಬಂದು ಅಂಗಳದಲ್ಲಿ ನಿಂತಿದ್ನೋ, ಅಣ್ಣನ್ನ ಕಳಿಸಿದ್ನೋ?"

"ಅದು ಬರೀ ಸಿನಿಮಾ ಕಣೇ ಸರೋಜ," ಎಂದ ಅಪ್ಪ.

ಆ ಮಾತನ್ನು ನನ್ನ ಜೀವನದಲ್ಲಿ ಮೊದಲ ಸಲ ಕೇಳಿದ್ದು ಅಲ್ಲಿ. ಮೂರು ದಿನದ ಹಿಂದೆ ಅದು ಧರ್ಮವಾಗಿತ್ತು. ಅವಳು ಅದನ್ನೇ ಹಿಡಿದು ಒಂದು ಪ್ರಶ್ನೆ ಕೇಳಿದ ಕೂಡಲೇ ಬರೀ ಸಿನಿಮಾ ಆಯಿತು. ಅಂದಿನಿಂದ ಯಾರ ಬಾಯಲ್ಲಿ ಅದನ್ನು ಕೇಳಿದರೂ ನಾನು ಮೊದಲು ನೋಡುವುದು, ಇವರಿಗೆ ಯಾವ ಪ್ರಶ್ನೆ ಬೇಡವಾಗಿದೆ ಎಂದು. ಅವತ್ತು ಉತ್ತರ ಕೊಟ್ಟವರು ಯಜಮಾನರಲ್ಲ. ಬಾಗಿಲ ಮರೆಯಿಂದ ಅಮ್ಮ ಅಂದಳು.

"ಬಂದಿದ್ದ. ಅವನೇ ಬಂದಿದ್ದ."

ಎದುರು ಮನೆಯ ಬಾಗಿಲಿಂದ ಇನ್ನೊಬ್ಬಳು, "ಹೂಂ, ಒಬ್ನೇ ಬರ್ತಾನೆ, ಚಪ್ಪಲಿ ಕೂಡ ಇರಲ್ಲ" ಎಂದಳು. ಇಡೀ ಬೀದಿ ಆ ಸಿನಿಮಾ ನೋಡಿತ್ತು, ಇದೊಂದರಲ್ಲಿ ಯಾರ ನೆನಪೂ ತಪ್ಪಿರಲಿಲ್ಲ.

"ಅವನು ಬರಲ್ಲ," ಎಂದ ಭಾವ, ಮುಖ ಕೆಂಪಗೆ ಮಾಡಿಕೊಂಡು. "ಹೆಂಗಸಿನ ಕಾಲ್ ಹತ್ರ ಬಂದು ನಿಂತ್ಕೊಳೋ ವಂಶ ಅಲ್ಲ ನಮ್ದು."

"ಹಂಗಾದ್ರೆ ನಾನಿನ್ನೂ ಹೊಸಲಲ್ಲೇ ಇರ್ತೀನಿ ಭಾವ."

ಟ್ಯಾಕ್ಸಿ ಖಾಲಿ ಹೋಯಿತು. ಅತ್ತೆ ಒಳಗೆ ಬಂದು ಮಡಿಲಕ್ಕಿಯನ್ನು ಅಡುಗೆಮನೆಯ ಡಬ್ಬಕ್ಕೆ ಸುರಿದು, ಆ ಸೀರೆಯಲ್ಲೇ ಮಗ್ಗದ ಮುಂದೆ ನಿಂತಳು. ಅಜ್ಜಿ ಏನೋ ಹೇಳಲು ಬಾಯಿ ತೆಗೆದಳು. ಅಪ್ಪ ಮೇನ್ ಸ್ವಿಚ್ ಹಾಕಿದ. ಅಜ್ಜಿಯ ಮಾತು ಸದ್ದಿನೊಳಗೆ ಹೋಯಿತು.

ಗಂಡ ಬರಲಿಲ್ಲ. ಅತ್ತೆಯ ಚಾಪೆ 'ಹಬ್ಬಕ್ಕೆ' ಎಂಬ ಹೆಸರು ಕಳೆದುಕೊಂಡು ಅವಳದೇ ಆಯಿತು, ಆಮೇಲೆ ಒಂದು ಮಗ್ಗವೂ. ಈ ಕತೆ ಕೇಳಿದ ನನ್ನ ಗೆಳೆಯರು ಚಪ್ಪಾಳೆ ತಟ್ಟುತ್ತಾರೆ, ಎಂಥ ಗೆಲುವು ಎನ್ನುತ್ತಾರೆ. ನನ್ನ ಸಿಟ್ಟು ಅದಕ್ಕೇ ಇಳಿದಿಲ್ಲ. ಏನಾಯಿತಮ್ಮ ಎಂದು ಅವಳನ್ನು ಒಬ್ಬರಾದರೂ ಕೇಳಿದ್ದರೆ ಆ ಸಿನಿಮಾ ಬೇಕಾಗಿರಲಿಲ್ಲ. ಅವಳ ಒಂದು ಕಿವಿ ಎಲ್ಲಿ ಹೋಯಿತೆಂದು ಅವರು ನೋಡಲಿಲ್ಲ, ಇಲ್ಲದ ಎತ್ತಿನ ಗಾಡಿಯನ್ನು ನೋಡಿದರು. ಒಬ್ಬ ನಟ ಚಪ್ಪಲಿ ಬಿಟ್ಟು ಅಂಗಳದಲ್ಲಿ ನಿಂತದ್ದರಿಂದ ಅವಳು ಉಳಿದಳು. ಆ ದೃಶ್ಯವನ್ನು ಬೇರೆ ಥರ ಬರೆದಿದ್ದರೆ? ಅಷ್ಟು ತೆಳು ನೂಲಿನ ಮೇಲೆ ನಿಂತದ್ದನ್ನು ನ್ಯಾಯ ಅಂತ ನಾನು ಕರೆಯಲಾರೆ.

ಮುಂದೊಂದು ವರ್ಷ, ನಾನು ಕಾಲೇಜಿಗೆ ಹೊರಟಿದ್ದ ಬೆಳಿಗ್ಗೆ, ಗಂಗಾಧರಪ್ಪನವರು ಯಾರದೋ ಮದುವೆಗೆ ಕರೆಯಲು ಬಂದರು. ಕರೆಂಟು ಇರಲಿಲ್ಲ. ಅತ್ತೆ ಮಗ್ಗದ ಮೇಲೆ ಬಾಗಿ ಕಡಿದ ಎಳೆ ಜೋಡಿಸುತ್ತಿದ್ದಳು. ಅವರು ಅವಳ ಪಕ್ಕದಲ್ಲೇ ನಿಂತು, ಕೇಳಲಿ ಎಂದೇ, ಅಪ್ಪನಿಗೆ ಹೇಳಿದರು.

"ಆ ದರಿದ್ರ ಸಿನಿಮಾ ಬಂದ್ಮೇಲೇ ಕಣಪ್ಪ ನಮ್ಮ ಬೀದಿ ಹೆಣ್ಮಕ್ಳು ಕೆಟ್ಟಿದ್ದು. ಅಂಥದ್ನೆಲ್ಲ ಯಾಕೆ ತೆಗೀತಾರೋ."

ಅಪ್ಪ ತಂಗಿಯ ಮುಖ ನೋಡಿದ. ಅಜ್ಜಿ ನೋಡಿದಳು. ಅತ್ತೆ ತಲೆ ಎತ್ತದೆ ಎಳೆಯ ತುದಿ ನಾಲಿಗೆಗೆ ತಾಗಿಸಿಕೊಂಡು ಗಂಟು ಹಾಕಿದಳು.

"ಎಷ್ಟು ಸೊಕ್ಕು ನೋಡು, ತಿರುಗಿ ಕೂಡ ನೋಡಲ್ಲ," ಎಂದರು ಗಂಗಾಧರಪ್ಪ.

ಅವರು ನಿಂತಿದ್ದದ್ದು ಅವಳ ಎಡಗಡೆ.